ಭಾಷಾಪರೀಕ್ಷೆಯಲ್ಲಿ ಗಣಕಯಂತ್ರ

ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ನೆಲದೊಳಗಿಂದ ಬಂಗಾರವನ್ನು ತೆಗೆಯುವರೆಂಬದು ನಮ್ಮ ವಿದ್ಯಾರ್ಥಿನಿಯರೆಲ್ಲರಿಗೂ ತಿಳಿದ ಸಂಗತಿಯೇ. ಬಂಗಾರದ ಗುಣವನ್ನು ಅಕ್ಕಸಾಲಿಗನು ಒರೆಗಲ್ಲಿನಿಂದ ಅರಿಯುವನು. ಒರೆಗಲ್ಲು ಕೆಟ್ಟದ್ದಾದರೆ ಅಪ್ಪಟ ಬಂಗಾರವೂ ಹೀನವೆಂದು ತೋರುವದು. ಪರೀಕ್ಷೆಯೂ ಒಂದು ಒರೆಗಲ್ಲೇ. ಈಗ ಅದು ಗಣಕಯಂತ್ರದ ರೂಪದಲ್ಲಿಯೂ ಬಂದಿರುವದರಿಂದ, ಅದು ಏನನ್ನು ಅಳೆಯಬಲ್ಲದು, ಏನನ್ನು ಅಳೆಯಲಾರದು ಎಂಬದನ್ನು ವಿಚಾರಿಸೋಣ.

ಭಾಷಾಜ್ಞಾನದ ಅಂಗಗಳು ನಾಲ್ಕು: ಕೇಳುವದು, ಮಾತನಾಡುವದು, ಓದುವದು, ಬರೆಯುವದು. ವಿಶ್ವವಿದ್ಯಾಲಯಗಳ ಪ್ರವೇಶಕ್ಕಾಗಿ 2022ರಲ್ಲಿ ಆರಂಭವಾದ ಸಿ.ಯು.ಇ.ಟಿ. ಎಂಬ ಪರೀಕ್ಷೆಯಲ್ಲಿ ಆರಿಸಿಕೊಳ್ಳಬಹುದಾದ ಭಾಷೆಗಳೊಳಗೆ ಕನ್ನಡವೂ ಒಂದು. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ, 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವನ್ನು ಸೇರಬಯಸುವ ಸಿಂಧನೂರಿನ ಅಥವಾ ಮಸ್ಕಿಯ ಹುಡುಗಿಯೂ ಈ ಪರೀಕ್ಷೆಗೆ ಕೂಡ್ರಬೇಕಾಗುವದು. ಗದ್ಯಭಾಗವನ್ನೋದಿ, ಕೊಟ್ಟ ನಾಲ್ಕು ಉತ್ತರಗಳೊಳಗೆ ಒಂದನ್ನು ಆರಿಸತಕ್ಕದ್ದು. ಇಂಥ ಉತ್ತರಗಳನ್ನು ಯಂತ್ರವು ಶೀಘ್ರವಾಗಿಯೂ ನಿಷ್ಪಕ್ಷಪಾತವಾಗಿಯೂ ಎಣಿಸುವದು. ಆದರೆ ಇದು ಓದಿನ ಪರೀಕ್ಷೆಯೇ ಹೊರತು ಬರಹದ ಅಥವಾ ಮಾತಿನ ಪರೀಕ್ಷೆಯಲ್ಲ.

ಬರಹವನ್ನೂ ಯಂತ್ರದಿಂದ ತಿದ್ದಿಸುವ ಪ್ರಯತ್ನವು ಹಳೆಯದು. ಅಮೇರಿಕದ ಎಲ್ಲಿಸ್ ಪೇಜ್ ಎಂಬ ವಿದ್ವಾಂಸರು 1966ರಲ್ಲಿಯೇ ಈ ವಿಷಯವಾಗಿ ಬರೆದರು. ಅವರ ಯಂತ್ರವು ಪ್ರಬಂಧದ ಅರ್ಥವನ್ನು ತಿಳಿಯದೆ, ಅದರ ಉದ್ದ ಮುಂತಾದ ಲಕ್ಷಣಗಳನ್ನು ಎಣಿಸಿ ಗುಣಗಳನ್ನು ಊಹಿಸುತ್ತಿತ್ತು. ಈಗಿನ ಯಂತ್ರಗಳು ಬಹಳ ಮುಂದುವರಿದಿವೆ. ಆದರೂ ತಮಗೆ ತೋರಿಸಿದ ಬರಹಗಳಿಂದಲೇ ಅವು ಕಲಿಯುವವು.

ಕನ್ನಡಕ್ಕೆ ಇಲ್ಲಿ ವಿಶೇಷ ತೊಡಕುಗಳುಂಟು. ಉತ್ತರ ಕರ್ನಾಟಕದ ಹಳೆಯ ಪುಸ್ತಕಗಳಲ್ಲಿ ‘ಹೋಗುವದು’ ಎಂದೂ ಇಂದಿನ ಪಠ್ಯಗಳಲ್ಲಿ ‘ಹೋಗುವುದು’ ಎಂದೂ ಇರುವದು. ಒಂದನ್ನೇ ಕಲಿತ ಯಂತ್ರವು ಮತ್ತೊಂದನ್ನು ತಪ್ಪೆನ್ನಬಹುದು. ಇದಲ್ಲದೆ, ‘ಹೋ’ ಎಂಬುದರ ಸ್ವರಚಿಹ್ನೆಯನ್ನು ಯೂನಿಕೋಡ್ ಪದ್ಧತಿಯಲ್ಲಿ ಒಂದೇ ಸಂಕೇತದಿಂದಲೂ ಮೂರು ಸಂಕೇತಗಳಿಂದಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮೊದಲೇ ಸರಿಹೊಂದಿಸದಿದ್ದರೆ ಯಂತ್ರಕ್ಕೆ ಬೇರೆ ಬೇರೆ! ಮೂರನೆಯದಾಗಿ, ಕೀಲಿಮಣೆಯನ್ನು ಮುಟ್ಟಿ ಅರಿಯದ ಹುಡುಗಿಯು ಒತ್ತಕ್ಷರವನ್ನು ಹುಡುಕುತ್ತಿರುವಾಗಲೇ ಸಮಯವು ಕಳೆದುಹೋಗುವದು. ಆಗ ಅಳೆಯಲ್ಪಟ್ಟದ್ದು ಅವಳ ಕನ್ನಡವಲ್ಲ, ಅವಳ ಬೆರಳುಗಳ ರೂಢಿ.

ಆದಕಾರಣ ಪರೀಕ್ಷೆಯನ್ನು ಏರ್ಪಡಿಸುವವರು ಮೂರು ನಿಯಮಗಳನ್ನು ಪಾಲಿಸತಕ್ಕದ್ದು. ಮೊದಲನೆಯದು, ಪರೀಕ್ಷೆಗೆ ಮುಂಚೆ ಅದೇ ಬಗೆಯ ಯಂತ್ರದಲ್ಲಿ ಅಭ್ಯಾಸಕ್ಕೆ ಅವಕಾಶ ಕೊಡುವದು. ಎರಡನೆಯದು, ಶಿಷ್ಟರು ಒಪ್ಪಿದ ರೂಪಭೇದಗಳನ್ನೆಲ್ಲ ಸರಿಯುತ್ತರಗಳೊಳಗೆ ಸೇರಿಸುವದು. ಮೂರನೆಯದು, ಪ್ರಬಂಧವನ್ನೂ ಸಂಭಾಷಣೆಯನ್ನೂ ಒಬ್ಬ ಉಪಾಧ್ಯಾಯರಾದರೂ ಓದಿ ಕೇಳಿ ನಿರ್ಣಯಿಸುವದು.

ವಿದ್ಯಾರ್ಥಿನಿಯರೇ, ನೀವಾದರೋ ದಿನಕ್ಕೊಂದು ಪುಟವನ್ನು ಕೈಯಿಂದ ಬರೆದು, ಅದನ್ನೇ ಕೀಲಿಮಣೆಯಲ್ಲಿಯೂ ಅಚ್ಚಿಸಿರಿ. ಬಳಿಕ ಗಟ್ಟಿಯಾಗಿ ಓದಿ ಗೆಳತಿಗೆ ಕೇಳಿಸಿರಿ. ಹೀಗೆ ಅಭ್ಯಾಸಮಾಡಿದವಳು ಯಾವ ಒರೆಗಲ್ಲಿಗೂ ಅಂಜಬೇಕಾಗಿಲ್ಲ.