ಹೊಳಿ ನೋಡೋದು ಬೆಳಕಿನ್ಯಾಗ, ಊಟ ಊರಾಗ

ಬೆಳಗಾವಿಯ ನೆಹರು ನಗರದಲ್ಲಿ ಮನೆ ಮಾಡಿದವರಿಗೆ ಬೀಗರು, ನೆಂಟರು ತಪ್ಪಿದ್ದಲ್ಲ. ಕೆಎಲ್‌ಇ ಆಸ್ಪತ್ರೆ ಇಲ್ಲೇ ಇದೆ. ರೋಗಿಯ ಜತೆಗೆ ಬಂದವರು ನಾಲ್ಕು ದಿನ ಕಳೆಯುವಷ್ಟರಲ್ಲಿ, "ಎಲ್ಲ್ಯರ ಹೊಳಿ ದಂಡ್ಯಾಗ ಕುಂತು ಊಟ ಮಾಡ್ಕೊಂಡು ಬರೋಣ್ರಿ" ಅನ್ನುತ್ತಾರೆ. ಆಗ ನಾನು ಗಾಡಿ ತಿರುಗಿಸುವುದು ಖಾನಾಪುರಕ್ಕೆ. ಸುಮಾರು 25 ಕಿಲೋಮೀಟರ್ ದಾರಿ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಆ ಊರಿನ ಮಗ್ಗುಲಲ್ಲೇ ಹರಿಯುತ್ತಾಳೆ.

ಹೀಗೆ ತಿರುಗಿ ತಿರುಗಿ ನಾನು ಕಲಿತದ್ದು ಇಷ್ಟು: ಹೊಳೆಯನ್ನೂ ಊಟವನ್ನೂ ಒಂದೇ ಜಾಗದಲ್ಲಿ ಹುಡುಕಬಾರದು. ಕತ್ತಲಾದ ಮೇಲೆ ಕಾಣದ ನೀರಿಗೆ ಹೆಚ್ಚಿನ ದುಡ್ಡು ಯಾಕೆ ಕೊಡಬೇಕು? ಬೆಳಕಿರುವಾಗಲೇ ಖಾನಾಪುರದ ಬಳಿಯ ಅಸೋಗಾದ ರಾಮಲಿಂಗೇಶ್ವರ ಗುಡಿಯ ಹತ್ತಿರ ಹೊಳೆಯನ್ನು ಕಣ್ತುಂಬ ನೋಡಿ, ದೀಪ ಹಚ್ಚುವ ಹೊತ್ತಿಗೆ ಊರೊಳಗಿನ ಖಾನಾವಳಿ ಸೇರುವುದು ಒಳ್ಳೆಯದು.

ಯಾವ ಖಾನಾವಳಿ? ಬೋರ್ಡು ನೋಡಬೇಡಿ, ರೊಟ್ಟಿ ಬಡಿಯುವ ಸಪ್ಪಳ ಕೇಳಿ. "ಅಕ್ಕಾರ, ಇವತ್ತ ಪಲ್ಯಾ ಏನ್ ಮಾಡೀರಿ?" ಎಂದಾಗ "ಝುಣಕಾ ಐತ್ರಿ, ಬದನಿಕಾಯಿ ಐತ್ರಿ, ಇನ್ನೇನೂ ಇಲ್ರಿ" ಎಂಬ ಉತ್ತರ ಬಂದರೆ ನಾನು ನಿಶ್ಚಿಂತೆಯಿಂದ ಕೈ ತೊಳೆಯುತ್ತೇನೆ. ಆ ಎರಡೂ ಅಂದಿನವೇ. ಸಣ್ಣ ಅಡುಗೆಮನೆಯಿಂದ ನಾಲ್ಕು ಪುಟದ ಮೆನು ಬಂದರೆ ಅರ್ಧ ಫ್ರಿಜ್ಜಿನೊಳಗಿಂದ ಬರುತ್ತದೆ ಎಂದೇ ಲೆಕ್ಕ. ಎಂಟು ಗಂಟೆಯೊಳಗೆ ಹೋಗುವುದೂ ಮುಖ್ಯ. ರೊಟ್ಟಿ ಬಡಿಯುವವರು ಮನೆಗೆ ಹೋದ ಮೇಲೆ ಸಿಗುವುದು ತಣ್ಣಗಿನ ರೊಟ್ಟಿ. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಕೈಯಲ್ಲಿ ಗುದ್ದಿದ ಉಳ್ಳಾಗಡ್ಡಿ: ಇಷ್ಟಕ್ಕಾಗಿ ಬೇಗ ಹೊರಡಬಹುದು.

ಮೀನಿನ ಆಸೆ ಇದ್ದವರಿಗೆ ಋತು ಗೊತ್ತಿರಬೇಕು. ಮಲಪ್ರಭೆ ತುಂಬಿ ಹರಿಯುವುದು ಮಳೆಗಾಲದಲ್ಲಿ, ಜನ ಬರುವುದೂ ಆಗಲೇ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆ ದಿನಗಳಲ್ಲಿ ಗೋವಾ ಶೈಲಿಯ ಸುರಮೈ ಫ್ರೈ ಹೊಳೆ ದಂಡೆಯಲ್ಲಿ ಸಿಕ್ಕರೆ ಅದು ಬಹುಮಟ್ಟಿಗೆ ಮಂಜುಗಡ್ಡೆಯಲ್ಲಿ ಕೂತು ಬಂದ ಮೀನು. ಹಿಂದೆಯೇ ಶ್ರಾವಣ. ಹಲವು ಮನೆಗಳಲ್ಲಿ ಮಾಂಸ ಬಿಡುತ್ತಾರೆ, ಗಿರಾಕಿ ಕಡಿಮೆಯಾದ ಕಡೆ ಮಾಂಸ ತಾಜಾ ಇರುವುದೂ ಕಡಿಮೆ. ಆದ್ದರಿಂದ ಹೊಳೆ ತುಂಬಿದ ತಿಂಗಳುಗಳಲ್ಲಿ ಸಸ್ಯಾಹಾರದ ಖಾನಾವಳಿಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಜತೆಗೆ ಮಾಂಸ ತಿನ್ನದ ಹಿರಿಯರಿದ್ದರೆ, ಮಾಂಸ ಬೇಯಿಸುವ ಒಲೆಯಲ್ಲಿ ತಮ್ಮ ಅಡುಗೆ ಆಗುತ್ತದೋ ಎಂಬ ಸಂಕೋಚ ಅವರಿಗಿರುತ್ತದೆ. ಬಾಯಿ ಬಿಟ್ಟು ಹೇಳುವುದಿಲ್ಲ, ಅನ್ನ-ಮೊಸರು ಉಂಡು ಏಳುತ್ತಾರೆ. ಕೂಡುವ ಮೊದಲೇ ಮಾಲಕರನ್ನು ಕೇಳಿ ತಿಳಿದುಕೊಳ್ಳುವುದು ಆ ಹಿರಿಯರಿಗೆ ಕೊಡುವ ಮರ್ಯಾದೆ.

ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ದೊಡ್ಡದು. ದಂಡೆಯ ಮೇಲೆಯೇ ಊಟ ಬೇಕೆನ್ನುವವರು ಒಮ್ಮೆ ಹೋಟೆಲಿನ ಹಿಂದಕ್ಕೆ ಹೋಗಿ ನೋಡಬೇಕು. ಪಾತ್ರೆ ತೊಳೆದ ನೀರು, ಎಂಜಲು, ಪ್ಲಾಸ್ಟಿಕ್ ಲೋಟ ಹೊಳೆಗೆ ಇಳಿಯುತ್ತಿದ್ದರೆ, ಊಟ ಎಷ್ಟೇ ರುಚಿಯಿದ್ದರೂ ಅಲ್ಲಿ ಕೂಡಬೇಡಿ. ಇದೇ ನೀರು ಮುಂದೆ ನವಿಲುತೀರ್ಥದ ಅಣೆಕಟ್ಟು ಸೇರಿ ಹುಬ್ಬಳ್ಳಿ-ಧಾರವಾಡದ ನಲ್ಲಿಗಳಲ್ಲಿ ಬರುತ್ತದೆ. "ಈ ನೀರ ಎಲ್ಲಿಗೆ ಹೋಗ್ತೈತ್ರಿ?" ಎಂದು ಮಾಲಕರನ್ನು ಕೇಳಿಯೇ ಊಟಕ್ಕೆ ಹೇಳಿ.