ನವ ವಕೀಲರಿಗೆ ಆಟದ ಮಿತಿ

ವೃತ್ತಿಯ ಆರಂಭದಲ್ಲಿ ವಕೀಲರ ಹಗಲು ನ್ಯಾಯಾಲಯದಲ್ಲಿ, ಸಂಜೆ ಹಿರಿಯರ ಕಚೇರಿಯಲ್ಲಿ ಕಳೆಯುತ್ತದೆ. ಆ ದಣಿವಿಗೆ ವಿಡಿಯೋ ಗೇಮ್, ಫ್ಯಾಂಟಸಿ ಫುಟ್‌ಬಾಲ್‌ಗಳು ವಿನೋದವಾಗುವುದು ಸಹಜ, ಆಟವೇ ದೋಷವಲ್ಲ. ಆದರೆ ಯುರೋಪಿನ ಅನೇಕ ಪಂದ್ಯಗಳು ನಮ್ಮಲ್ಲಿ ನಡುರಾತ್ರಿ ದಾಟಿದರೂ ಮುಗಿಯುವುದಿಲ್ಲ. ನಿದ್ರೆಗೆಟ್ಟವರ ನೆನಪು, ಏಕಾಗ್ರತೆ ಕುಂದುತ್ತವೆ. ಅದರ ನಷ್ಟ ನಂಬಿ ಬಂದ ಕಕ್ಷಿದಾರನಿಗೂ ತಟ್ಟುತ್ತದೆ.

ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು ಗೇಮಿಂಗ್ ವ್ಯಸನದ ಲಕ್ಷಣಗಳು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇದೂ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಚಿಕಿತ್ಸೆಯುಂಟು.

ಉಳಿದವರು ಮರುದಿನದ ಕಡತ ಓದಿದ ಮೇಲಷ್ಟೇ ಆಡಲಿ. ಮಲಗುವ 1 ಗಂಟೆ ಮೊದಲೇ ನಿಲ್ಲಿಸಲಿ. ಕನಿಷ್ಠ 7 ಗಂಟೆ ನಿದ್ರಿಸಲಿ. ಬೆಳಗಿನ ಇಷ್ಟಲಿಂಗ ಪೂಜೆಗೆ ತಿಳಿಯಾದ ಮನಸ್ಸೂ ಕಾಯಕಕ್ಕೆ ಬಲವೂ ಇದರಿಂದ ದೊರೆಯುತ್ತವೆ.