ಕೊಟ್ಟಿದ್ದಕ್ಕೆ ರಸೀತಿ



ನಿಮ್ಮಲ್ಲಿ ಕೆಲವರು ಚಿಲ್ಲರೆ ಅಂಗಡಿ ಇಟ್ಟಿದ್ದೀರಿ. ಕೆಲವರು ಸಂಘದಲ್ಲಿ ಹಪ್ಪಳ, ಸಾಂಬಾರು ಪುಡಿ ಮಾಡಿ ಮಾರುತ್ತೀರಿ. ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲು ನಡೆಸುವವರೂ ಇದ್ದೀರಿ. ವ್ಯಾಪಾರ ಅಂದಮೇಲೆ ವಂತಿಗೆ ಕೇಳುವವರು ಬಂದೇ ಬರುತ್ತಾರೆ. ಊರ ಹಬ್ಬಕ್ಕೆ, ಗಣಪತಿಗೆ, ರಾಜ್ಯೋತ್ಸವಕ್ಕೆ ಕೊಡುತ್ತೇವೆ.

ಒಂದು ದಿನ ಒಬ್ಬರು ಬಂದು ಹೀಗೆ ಕೇಳಿದರು ಅನ್ನಿ: "ದೇಶ ಬಿಟ್ಟು ಓಡಿ ಬಂದ ಜನಕ್ಕೆ ನಮ್ಮ ಸಂಸ್ಥೆ ನೆರವು ಕೊಡ್ತದೆ. ನಿಮ್ಮ ಅಂಗಡಿಯಿಂದ ಏನಾದ್ರೂ ಕೊಡಿ." ಆಗ ಏನು ಮಾಡುತ್ತೀರಿ?

ಕಲಿಕಾ ಕೇಂದ್ರದಲ್ಲಿ ನಾವು ಈ ಮಾತು ಎತ್ತಿದಾಗ ಮೊದಲು ಬಂದ ಉತ್ತರ ಇದು: "ನಮ್ಮೂರಲ್ಲೇ ಬಡವ್ರು ಇಲ್ವಾ? ಹೊರಗ್ನೋರಿಗೆ ನಾವ್ಯಾಕೆ ಕೊಡ್ಬೇಕು?"

ಇದು ಕೇಳಲೇಬೇಕಾದ ಪ್ರಶ್ನೆ. ಇದಕ್ಕೆ ಮೊದಲು, ಹೊರಗಿನವರು ಅಂದರೆ ಯಾರು ಅಂತ ನೋಡೋಣ.

ನಮ್ಮ ಕಡೆಯ ಆಲೆಮನೆಗಳಲ್ಲಿ ಉತ್ತರ ಪ್ರದೇಶದಿಂದ ಬಂದ ಕೆಲಸಗಾರರು ಬೆಲ್ಲ ಕಾಯಿಸುತ್ತಾರೆ. ಅವರು ಕೂಲಿ ಹುಡುಕಿಕೊಂಡು ಬಂದವರು. ಅವರನ್ನು ವಲಸೆ ಬಂದವರು ಅನ್ನುತ್ತೇವೆ. ಬೇಕಾದಾಗ ಅವರು ತಮ್ಮ ಊರಿಗೆ ಹೋಗಬಹುದು. ನಿರಾಶ್ರಿತರ ಕಥೆ ಬೇರೆ. ಯುದ್ಧವೋ ಹಿಂಸೆಯೋ ನಡೆದು, ಜೀವ ಉಳಿಸಿಕೊಳ್ಳಲು ದೇಶ ಬಿಟ್ಟವರು ಅವರು. ವಾಪಸು ಹೋದರೆ ಜೀವಕ್ಕೇ ಅಪಾಯ.

ಊರು ಬಿಡುವುದು ಅಂದರೆ ಏನು ಅಂತ ನಮ್ಮ ಸೀಮೆಗೂ ಗೊತ್ತು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಹಳೆಯ ಕನ್ನಂಬಾಡಿ ಊರು ನೀರಿನಲ್ಲಿ ಮುಳುಗಿತು. ಜನ ಹೊಸ ಕನ್ನಂಬಾಡಿ ಕಟ್ಟಿಕೊಂಡರು. ಇನ್ನೂ ಹಿಂದಕ್ಕೆ ಹೋದರೆ, ಚೋಳ ರಾಜನ ಭಯದಿಂದ ತಮಿಳು ನಾಡು ಬಿಟ್ಟು ಬಂದ ರಾಮಾನುಜಾಚಾರ್ಯರಿಗೆ ನಮ್ಮ ತೊಂಡನೂರು, ಮೇಲುಕೋಟೆಗಳಲ್ಲೇ ನೆಲೆ ಸಿಕ್ಕಿತು ಅಂತ ಹಿರಿಯರು ಹೇಳುತ್ತಾರೆ.

ಈಗ ಬೈಲಕುಪ್ಪೆಗೆ ಹೋಗೋಣ. ಮೈಸೂರಿನಿಂದ ಮಡಿಕೇರಿ ರಸ್ತೆ ಹಿಡಿದರೆ ಪಿರಿಯಾಪಟ್ಟಣ ದಾಟಿದ ಮೇಲೆ, ಕುಶಾಲನಗರಕ್ಕಿಂತ ಮೊದಲು ಸಿಗುತ್ತದೆ. ಚಿನ್ನದ ಬಣ್ಣದ ಬುದ್ಧನ ದೇವಸ್ಥಾನ ನೋಡಲು ನಿಮ್ಮಲ್ಲಿ ಕೆಲವರು ಹೋಗಿಬಂದಿದ್ದೀರಿ. ಅಲ್ಲಿರುವವರು ಟಿಬೆಟಿನವರು. 1959ರಲ್ಲಿ ಅವರ ಗುರು ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮದ ಬೆಟ್ಟ ಹತ್ತಿ ಇಳಿದು ಬಂದರು. ಅವರನ್ನು ಎಲ್ಲಿ ಇರಿಸುವುದು? ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. 1960ರ ಹೊತ್ತಿಗೆ ಜನ ಬರತೊಡಗಿದರು.

ಜಾಗ ಕೊಟ್ಟರು ನಿಜ, ಆದರೆ ಅದು ಕಾಡು. ಚಳಿ ನಾಡಿನ ಜನಕ್ಕೆ ಇಲ್ಲಿನ ಬಿಸಿಲು ತಡೆಯಲಿಲ್ಲ. ಕಾಯಿಲೆ ಬಂತು. ಆನೆ ಬಂತು. ಮರ ಕಡಿದು, ಬುಡ ಕಿತ್ತು, ನೆಲ ಹಸನು ಮಾಡಬೇಕಿತ್ತು. ಕಾಡು ಕಡಿದ ಹೆಂಗಸರೇ ಮುಸುಕಿನ ಜೋಳ ಬೆಳೆಯುವುದನ್ನೂ ಕಲಿತರು. ಮೊದಲ ಬೆಳೆ ಕೈಗೆ ಬರುವ ತನಕ ಹೊಟ್ಟೆಗೆ, ಔಷಧಿಗೆ, ಬೀಜಕ್ಕೆ ಬೇರೆಯವರ ನೆರವೇ ಗತಿ.

ಇಂಥ ಕೆಲಸಕ್ಕೆ 1968ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಅದರ ಹೆಸರು ಮೈರಾಡ. ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲು ಸರ್ಕಾರಕ್ಕೆ ಕೈಜೋಡಿಸುವುದೇ ಅದರ ಉದ್ದೇಶ. ಅವರು ತಮ್ಮ ಕಾಲ ಮೇಲೆ ನಿಂತ ಹಾಗೆಲ್ಲ ಈ ಸಂಸ್ಥೆ ನಮ್ಮ ಹಳ್ಳಿಗಳ ಬಡವರ ಕಡೆ ತಿರುಗಿತು. 1984-85ರ ಹೊತ್ತಿಗೆ ಅದು ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದವು. ಒಬ್ಬರನ್ನೊಬ್ಬರು ನಂಬುವ ಜನ ಚಿಕ್ಕ ಚಿಕ್ಕ ಗುಂಪಾಗಿ ಕೂತರು. ತಾವೇ ಉಳಿತಾಯ ಮಾಡಿ ತಾವೇ ಸಾಲ ಕೊಟ್ಟುಕೊಂಡರು. 1987ರಲ್ಲಿ ಆ ಗುಂಪುಗಳಿಗಾಗಿ ನಬಾರ್ಡ್ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಇಂಥ 500 ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಯೋಜನೆ ದೇಶದಲ್ಲೇ ಮೊದಲು ಶುರುವಾಯಿತು. 2000-01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಗುಂಪುಗಳು ಬಂದವು.

ಇಲ್ಲಿ ಸ್ವಲ್ಪ ನಿಲ್ಲಿ. ವಾರ ವಾರ ನೀವು ಹಣ ಕಟ್ಟುವ ಸಂಘದ ಬೇರು ಎಲ್ಲೆಲ್ಲಿ ಹೋಗಿದೆ ನೋಡಿ. ಅದರಲ್ಲಿ ಒಂದು ಬೇರು ಹೊರಗಿನವರಿಗೆ ನೆರವಾಗಲು ಹುಟ್ಟಿದ ಸಂಸ್ಥೆಯಲ್ಲಿದೆ. ಇದನ್ನು ಓದಿ ಹೇಳಿದಾಗ ಕೇಂದ್ರದಲ್ಲಿ ಒಬ್ಬ ಅಜ್ಜಿ, "ಹಂಗಾದ್ರೆ ಅವ್ರ ದುಡ್ಡು ನಮ್ಗೂ ಬಂತು ಅನ್ನಿ" ಅಂದರು.

ವ್ಯಾಪಾರದವರ ನೆರವು ದಾನವೇ ಆಗಬೇಕೆಂದಿಲ್ಲ. ಚಳಿಗಾಲದಲ್ಲಿ ಪೇಟೆ ಬೀದಿಗಳಲ್ಲಿ ಟಿಬೆಟಿನ ಹೆಂಗಸರು ಸ್ವೆಟರ್ ಮಾರುತ್ತಾರಲ್ಲ, ಆ ಸರಕು ಹೆಚ್ಚಾಗಿ ಪಂಜಾಬಿನ ಲೂಧಿಯಾನದಿಂದ ಬರುತ್ತದೆ. ಅಲ್ಲಿನ ಸಗಟು ವ್ಯಾಪಾರಿಗಳು ಇವರಿಗೆ ಸಾಲದ ಮೇಲೆ ಸರಕು ಕೊಡುತ್ತಾ ಬಂದಿದ್ದಾರೆ. ಮಾರಾಟ ಮುಗಿದ ಮೇಲೆ ಇವರು ಹಣ ತೀರಿಸುತ್ತಾರೆ. ನಮ್ಮನ್ನು ಕೇಳಿದರೆ ಇದು ವಂತಿಗೆಗಿಂತ ಒಂದು ಕೈ ಮೇಲು. ಕೊಟ್ಟವನೂ ಉಳಿದ, ಪಡೆದವಳ ಮಾನವೂ ಉಳಿಯಿತು.

ಬಡವರೂ ಕೊಟ್ಟದ್ದುಂಟು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು 1 ಕೋಟಿ ಜನ ನಮ್ಮ ದೇಶಕ್ಕೆ ಓಡಿ ಬಂದರು. ಆ ನಾಡೇ ಈಗಿನ ಬಾಂಗ್ಲಾದೇಶ. ಆಗ ಕಾಗದ ಹಾಕುವವರೆಲ್ಲ 5 ಪೈಸೆಯ ಒಂದು ಅಂಚೆ ಚೀಟಿ ಹೆಚ್ಚಿಗೆ ಅಂಟಿಸಬೇಕಿತ್ತು. ಆ ಹಣ ನಿರಾಶ್ರಿತರಿಗೆ. ನಿಮ್ಮ ತಾಯಿಯೋ ಅಜ್ಜಿಯೋ ಮಗಳಿಗೆ ಕಾಗದ ಬರೆಸಿದ್ದರೆ ಅವರೂ 5 ಪೈಸೆ ಕೊಟ್ಟವರೇ. ಬಂಗಾಳದಿಂದ ಬಂದ ಎಷ್ಟೋ ಕುಟುಂಬಗಳು ರಾಯಚೂರು ಜಿಲ್ಲೆಯ ಸಿಂಧನೂರಿನ ಕ್ಯಾಂಪುಗಳಲ್ಲಿ ನೆಲೆ ನಿಂತು ಬೇಸಾಯ ಮಾಡುತ್ತಿವೆ.

ಸರಿ, ಕೊಡೋಣ ಅಂತ ನಿಮ್ಮ ಸಂಘ ತೀರ್ಮಾನ ಮಾಡಿತು. ಹೇಗೆ ಕೊಡುವುದು? ದೊಡ್ಡ ಕಂಪನಿಗಳಿಗೆ ಇದಕ್ಕೆ ಕಾನೂನೇ ಇದೆ. 2013ರ ಕಂಪನಿ ಕಾನೂನಿನ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಹೆಚ್ಚು ಲಾಭ ಇರುವ ಕಂಪನಿ ತನ್ನ ಲಾಭದಲ್ಲಿ ನೂರಕ್ಕೆ 2 ರೂಪಾಯಿ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ನಮ್ಮಂಥ ಅಂಗಡಿಗೆ ಆ ಕಟ್ಟುಪಾಡು ಇಲ್ಲ. ಕೊಡುವುದು, ಬಿಡುವುದು ನಮ್ಮಿಷ್ಟ. ಸಂಘದ ದುಡ್ಡಾದರೆ ಸಭೆಯಲ್ಲಿ ಎಲ್ಲರೂ ಒಪ್ಪಬೇಕು, ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಅಧ್ಯಕ್ಷೆ ಒಬ್ಬರೇ ಎತ್ತಿಕೊಡುವ ಹಾಗಿಲ್ಲ.

ಕೇಳಲು ನಾಚಿಕೆ ಬೇಡ. ಸಂಸ್ಥೆ ನೋಂದಣಿ ಆಗಿದೆಯಾ? ನೋಂದಣಿ ಸಂಖ್ಯೆ ಏನು? ಹೋದ ವರ್ಷದ ಲೆಕ್ಕ ತೋರಿಸುತ್ತೀರಾ? ಒಳ್ಳೆಯ ಸಂಸ್ಥೆಯವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ನಿಮ್ಮ ಗಲ್ಲಾ ಮುಚ್ಚಿಕೊಳ್ಳಿ. ಹಣವನ್ನು ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಗೆ ಹಾಕಿ, ಬಂದವರ ಸ್ವಂತ ಖಾತೆಗೆ ಬೇಡ. ಆದಾಯ ತೆರಿಗೆ ಕಟ್ಟುವ ವ್ಯಾಪಾರಿಗೆ ಇಂಥ ದಾನಕ್ಕೆ ವಿನಾಯಿತಿ ಸಿಗಬಹುದು. ಆದರೆ 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ಅದು ಸಿಗದು.

ಎಲ್ಲಕ್ಕಿಂತ ಮುಖ್ಯ ರಸೀತಿ. ಅದನ್ನು ಪಡೆದು ಹಾಗೇ ಡಬ್ಬಿಗೆ ಹಾಕಬೇಡಿ. ಓದಿ. ಓದು ಕಲಿತಿದ್ದು ಮತ್ತೆ ಯಾತಕ್ಕೆ?

ಈ ರಸೀತಿಯನ್ನು ಗಟ್ಟಿಯಾಗಿ ಓದಿ. ಚುಕ್ಕಿ ಇರುವ ಕಡೆ ಹೆಸರು, ಸಹಿ ಇವೆ ಅಂದುಕೊಳ್ಳಿ.

ಸಂಸ್ಥೆಯ ಹೆಸರು: ...............
ರಸೀತಿ ಸಂಖ್ಯೆ: 47
ದಿನಾಂಕ: 12ನೇ ಜನವರಿ
ಕೊಟ್ಟವರು: ............... ಮಹಿಳಾ ಸಂಘ, ಪಾಂಡವಪುರ
ಹಣ: 500 ರೂ.
ಅಕ್ಷರದಲ್ಲಿ: ಐದು ಸಾವಿರ ರೂಪಾಯಿ ಮಾತ್ರ
ಉದ್ದೇಶ: ನಿರಾಶ್ರಿತರ ಮಕ್ಕಳ ಶಾಲೆ ಖರ್ಚು
ಸಹಿ: ...............

ಇದರಲ್ಲಿ ಒಂದು ತಪ್ಪು ಇದೆ. ಇರಲೇಬೇಕಾದ ಎರಡು ವಿಷಯ ಬಿಟ್ಟುಹೋಗಿವೆ. ಒಂದು ದಿನಾಂಕದ ಸಾಲಿನಲ್ಲಿ, ಇನ್ನೊಂದು ಸಂಸ್ಥೆಗೆ ಸೇರಿದ್ದು. ಹುಡುಕಿ, ನಿಮ್ಮ ಪುಸ್ತಕದಲ್ಲಿ ಸರಿಯಾಗಿ ಬರೆಯಿರಿ.